ಜೋಡಿ ಫೈರ್‌ವಾಲ್ ಇದ್ದೂ ಕೈಕೊಟ್ಟ ರಾತ್ರಿ: ನನ್ನ ಅನುಭವ

11 ಕ್ಲಸ್ಟರ್ (ಒಂದು ಸತ್ತರೆ ಇನ್ನೊಂದು ಕೆಲಸಕ್ಕಿಳಿಯುವ ಜೋಡಿ), ಒಟ್ಟು 22 ಫೈರ್‌ವಾಲ್ (ನೆಟ್‌ವರ್ಕ್‌ನ ಕಾವಲು ಪೆಟ್ಟಿಗೆ) ನನ್ನ ಸುಪರ್ದಿಗೆ ಬಂದಾಗ ಒಂದೊಂದಕ್ಕೂ ಬೇರೆಬೇರೆಯಾಗಿ ಲಾಗಿನ್ ಆಗಿ ಕೆಲಸ ಮಾಡುವ ಪದ್ಧತಿಯಿತ್ತು. ಒಂದೇ ಡಿಎನ್‌ಎಸ್ ಸರ್ವರಿಗೆ ಮೂರು ಹೆಸರು. ‘ಟೆಂಪ್’ (ತಾತ್ಕಾಲಿಕ) ಎಂದು ಬರೆದಿಟ್ಟ ರೂಲ್‌ಗಳು, ಅಂದರೆ ಯಾವ ಸಂಪರ್ಕ ಬಿಡಬೇಕು, ಯಾವುದನ್ನು ತಡೆಯಬೇಕು ಎಂಬ ನಿಯಮಗಳು, ವರ್ಷಗಟ್ಟಲೆ ಬೇರುಬಿಟ್ಟು ಕೂತಿದ್ದವು. ಎಲ್ಲವನ್ನೂ ಪನೋರಮಾ (ಪಾಲೋ ಆಲ್ಟೋ ಫೈರ್‌ವಾಲ್‌ಗಳನ್ನು ಒಂದೇ ಕಡೆಯಿಂದ ನಡೆಸುವ ಕೇಂದ್ರ ವ್ಯವಸ್ಥೆ) ಕೈಕೆಳಗೆ ತರಲು ಹೊರಟೆ. ಪನೋರಮಾ ಎದ್ದು ನಿಲ್ಲಲು ಎರಡು ದಿನ ಸಾಕಾಯಿತು, ಹೆಸರುಗಳ ಗೋಜಲು ಬಿಡಿಸಲು ಎರಡು ತಿಂಗಳು. ಅದು ಕತ್ತೆ ಚಾಕರಿ, ಹೇಳುವಂಥದ್ದು ಏನೂ ಇಲ್ಲ.

ಹೇಳಬೇಕಾದದ್ದು ರೂಲ್‌ಗಳ ಸರದಿಯ ವಿಷಯ. ಮೇಲಿಂದ ಕೆಳಗೆ ನೋಡುತ್ತ ಬಂದಾಗ ಮೊದಲು ಹೊಂದಿದ ರೂಲೇ ಅಂತಿಮ. ಕೇಂದ್ರದಿಂದ ಬರುವ ಪ್ರಿ-ರೂಲ್ ಮೊದಲು, ಆಯಾ ಫೈರ್‌ವಾಲ್‌ನಲ್ಲೇ ಬರೆದ ಸ್ಥಳೀಯ ರೂಲ್ ನಂತರ, ಕೇಂದ್ರದ ಪೋಸ್ಟ್-ರೂಲ್ ಆಮೇಲೆ. ಪಾಠ ಹೇಳುವಾಗ ಇದು ಸಲೀಸು. ಒಂದು ರಾತ್ರಿ ನಾನು ಹೊರಹೋಗುವ ಸಂಪರ್ಕಗಳನ್ನು ಬಿಗಿ ಮಾಡಲೆಂದು ಪ್ರಿ-ರೂಲ್‌ನಲ್ಲಿ ಒಂದು ‘ಡಿನೈ’ (ತಡೆ) ಸೇರಿಸಿ ಒಂದು ಜೋಡಿಗೆ ಪುಶ್ ಮಾಡಿದೆ, ಅಂದರೆ ಕೇಂದ್ರದಿಂದ ಕಳಿಸಿದೆ. ಎರಡೂ ಪೆಟ್ಟಿಗೆಗಳಲ್ಲಿ ಕಮಿಟ್ (ಬದಲಾವಣೆಯ ಜಾರಿ) ಯಶಸ್ವಿ ಎಂದು ಬಂತು. ಸ್ವಲ್ಪ ಹೊತ್ತಿಗೆ ಆ ಎರಡೂ ಪನೋರಮಾದ ಪಟ್ಟಿಯಲ್ಲಿ ಕೆಂಪಾದವು, ಸಂಪರ್ಕ ಕಡಿದಿತ್ತು.

ಆಗಿದ್ದಿಷ್ಟೇ. ಆ ಜಾಗದಲ್ಲಿ ಫೈರ್‌ವಾಲ್‌ಗಳ ಮ್ಯಾನೇಜ್‌ಮೆಂಟ್ ಪೋರ್ಟ್‌ನ (ನಿರ್ವಹಣೆಗೆಂದೇ ಇರುವ ಕಿಂಡಿ) ಕೇಬಲ್ ಒಳಗಿನ ನೆಟ್‌ವರ್ಕ್‌ಗೇ ಹೋಗಿತ್ತು. ಪನೋರಮಾ ಜತೆ ಟಿಸಿಪಿ ಪೋರ್ಟ್ ಸಂಖ್ಯೆ 3978ರಲ್ಲಿ ಅವು ಆಡುವ ಮಾತು ಅದೇ ಫೈರ್‌ವಾಲ್ ದಾಟಿಯೇ ಬರಬೇಕಿತ್ತು. ನನ್ನ ಡಿನೈ ಅದನ್ನೇ ಹಿಡಿದು ನಿಲ್ಲಿಸಿತು. ಮೊದಲೇ ತೆರೆದಿದ್ದ ಸೆಷನ್ (ನಡೆಯುತ್ತಿದ್ದ ಸಂಪರ್ಕ) ಉಳಿಯಬೇಕಿತ್ತಲ್ಲ ಅನ್ನಬಹುದು. ಹೊಸ ರೂಲ್ ಬಂದಾಗ ಹಳೆಯ ಸೆಷನ್‌ಗಳನ್ನೂ ಮತ್ತೆ ತಾಳೆ ನೋಡುವ ಸೆಟ್ಟಿಂಗ್ ಆನ್ ಆಗಿಯೇ ಬರುತ್ತದೆ, ಹಾಗಾಗಿ ಅದೂ ಹೋಯಿತು.

ಎರಡು ಪೆಟ್ಟಿಗೆ ಇದ್ದರೂ ಪ್ರಯೋಜನವಾಗಲಿಲ್ಲ. ಆಕ್ಟಿವ್ (ಕೆಲಸ ಮಾಡುತ್ತಿರುವ ಪೆಟ್ಟಿಗೆ) ಸತ್ತರೆ ಪ್ಯಾಸಿವ್ (ಕಾದು ಕೂತಿರುವುದು) ಏಳುತ್ತದೆ, ನಿಜ. ಆದರೆ ಇಲ್ಲಿ ಯಾವುದೂ ಸತ್ತಿರಲಿಲ್ಲ, ಎರಡೂ ಒಂದೇ ತಪ್ಪನ್ನು ಶ್ರದ್ಧೆಯಿಂದ ಪಾಲಿಸುತ್ತಿದ್ದವು.

ಅಲ್ಲಿದ್ದ ಹುಡುಗನಿಗೆ ಫೋನ್ ಮಾಡಿ, ಕನ್ಸೋಲ್ ಕೇಬಲ್ (ನೆಟ್‌ವರ್ಕ್ ಇಲ್ಲದೆಯೂ ಪೆಟ್ಟಿಗೆಯೊಡನೆ ನೇರ ಮಾತಾಡುವ ತಂತಿ) ಹಾಕಿಸಿ, ಒಂದೊಂದೇ ಕಮಾಂಡ್ ಅಕ್ಷರ ಬಿಡಿಸಿ ಹೇಳಿದೆ. "ಸರ್, ಇಲ್ಲೇ ಒಂದು ಅಲೋ ರೂಲ್ ಹಾಕಿಬಿಡ್ಲಾ?" ಅಂದ. ಹಾಕಿದರೂ ಅದು ಪ್ರಿ-ರೂಲ್‌ನ ಕೆಳಗೆ ಬೀಳುತ್ತದೆ, ಸರದಿಯೇ ಬರುವುದಿಲ್ಲ. ಕೇಂದ್ರದ ಪಾಲಿಸಿಯನ್ನೇ ಸದ್ಯಕ್ಕೆ ನಿಷ್ಕ್ರಿಯಗೊಳಿಸಿ, ಸ್ಥಳೀಯ ರೂಲ್ ಬರೆದು ದಾರಿ ಬಿಡಿಸಬೇಕಾಯಿತು. 40 ನಿಮಿಷ ಹಿಡಿಯಿತು. ಅಷ್ಟೂ ಹೊತ್ತು ಆ ಜಾಗದ ಉಳಿದ ಟ್ರಾಫಿಕ್ ಅರ್ಧಂಬರ್ಧ. ಕಮಿಟ್ ಆದ ಮೇಲೆ ಪನೋರಮಾ ಸಿಗದಿದ್ದರೆ ತಾನಾಗಿ ಹಿಂದಿನ ಸ್ಥಿತಿಗೆ ಮರಳುವ ಸೌಲಭ್ಯ ಇದೆ, ನಮ್ಮ ಹಳೆಯ ಆವೃತ್ತಿಯಲ್ಲಿ ಇರಲಿಲ್ಲ. ಜೂನಿಪರ್ (ಇನ್ನೊಂದು ಕಂಪನಿ) ಉಪಕರಣ ಬಳಸಿದವರಿಗೆ ‘ಕಮಿಟ್ ಕನ್‌ಫರ್ಮ್ಡ್’ ಗೊತ್ತಿರುತ್ತದೆ: 10 ನಿಮಿಷದಲ್ಲಿ ಹ್ಞೂಂ ಅನ್ನದಿದ್ದರೆ ಹಳೆಯದೇ ವಾಪಸ್. ಆ ರಾತ್ರಿ ಅದು ಬಹಳ ನೆನಪಾಯಿತು.

ಈಗ ಮ್ಯಾನೇಜ್‌ಮೆಂಟ್‌ಗೆ ಪ್ರತ್ಯೇಕ ಲೈನ್ ಇದೆ. ಪ್ರಿ-ರೂಲ್ ಪಟ್ಟಿಯ ಮೊಟ್ಟಮೊದಲ ಸಾಲು 3978ಕ್ಕೆ ಮೀಸಲು, ಅದನ್ನು ಯಾರೂ ಮುಟ್ಟುವಂತಿಲ್ಲ. ಪುಶ್ ಮಾಡುವ ಕ್ರಮವೂ ಬದಲಾಯಿತು. ಕೇಂದ್ರದಿಂದ ಬರುವ ಸಂರಚನೆ ಜೋಡಿಯೊಳಗೆ ತಾನಾಗಿ ಸಿಂಕ್ ಆಗುವುದಿಲ್ಲ, ಪ್ರತಿ ಪೆಟ್ಟಿಗೆಗೂ ಬೇರೆಯಾಗಿ ಹೋಗಬೇಕು. ಹಿಂದೆ ಇದು ಕಿರಿಕಿರಿ ಅನ್ನಿಸುತ್ತಿತ್ತು, ಈಗ ಇದೇ ನನ್ನ ಆಸರೆ. ದೊಡ್ಡ ಬದಲಾವಣೆಯಾದರೆ ಮೊದಲು ಪ್ಯಾಸಿವ್‌ಗೆ ಮಾತ್ರ ಪುಶ್ ಮಾಡುತ್ತೇನೆ. ಅಲ್ಲಿ ಟ್ರಾಫಿಕ್ ಇರುವುದಿಲ್ಲವಾದ್ದರಿಂದ ಕಮಿಟ್ ಸರಿಹೋಯಿತು ಅಂದರೆ ರೂಲ್ ಸರಿ ಎಂದಲ್ಲ. ಆಮೇಲೆ ನಾನೇ ಫೇಲ್‌ಓವರ್ ಮಾಡಿ, ಅಂದರೆ ಕೆಲಸವನ್ನು ಪ್ಯಾಸಿವ್‌ಗೆ ದಾಟಿಸಿ, ಕಾಯುತ್ತೇನೆ. ಎಡವಟ್ಟಾದರೆ ಹಳೆಯ ಸಂರಚನೆಯ ಪೆಟ್ಟಿಗೆ ಪಕ್ಕದಲ್ಲೇ ಸಿದ್ಧವಾಗಿರುತ್ತದೆ. ಪ್ರಿಎಂಪ್ಶನ್ (ಆದ್ಯತೆ ಹೆಚ್ಚಿರುವ ಪೆಟ್ಟಿಗೆ ಪಟ್ಟ ವಾಪಸ್ ಪಡೆಯುವ ಸೆಟ್ಟಿಂಗ್) ಮಾತ್ರ ಆಫ್ ಇರಬೇಕು, ಇಲ್ಲದಿದ್ದರೆ ಹಳೆಯ ಆಕ್ಟಿವ್ ನಡುವೆ ತಾನಾಗಿ ಮೇಲೇಳುತ್ತದೆ. ಎರಡನ್ನೂ ಒಂದು ರಾತ್ರಿಗಿಂತ ಹೆಚ್ಚು ಹೊತ್ತು ಬೇರೆಬೇರೆ ಸ್ಥಿತಿಯಲ್ಲಿ ಬಿಡುವುದಿಲ್ಲ.

ಎಚ್‌ಎ ಪ್ರಯಾರಿಟಿಯನ್ನು (ಜೋಡಿಯಲ್ಲಿ ಯಾರು ಆಕ್ಟಿವ್ ಎಂದು ನಿರ್ಧರಿಸುವ ಅಂಕಿ) ಎರಡೂ ಪೆಟ್ಟಿಗೆಗಳು ಹಂಚಿಕೊಳ್ಳುವ ಟೆಂಪ್ಲೇಟ್‌ನಲ್ಲಿ (ಕೇಂದ್ರದ ಸೆಟ್ಟಿಂಗ್ ಅಚ್ಚು) ನೇರವಾಗಿ ಹಾಕಬೇಡಿ, ಪ್ರತಿ ಪೆಟ್ಟಿಗೆಗೆ ಬೇರೆ ಬೆಲೆ ಕೊಡಬಹುದಾದ ವೇರಿಯಬಲ್ ಮಾಡಿ. ಅಂದ ಹಾಗೆ, ಇಲ್ಲಿ ಚಿಕ್ಕ ಅಂಕಿಗೆ ಪಟ್ಟ, ವಿಆರ್‌ಆರ್‌ಪಿಯಲ್ಲಿ (ರೌಟರ್‌ಗಳ ನಡುವೆ ಇದೇ ಥರ ಪಟ್ಟ ಹಂಚುವ ಪದ್ಧತಿ) ದೊಡ್ಡದಕ್ಕೆ. ಇವನ್ನು ಅದಲುಬದಲು ಮಾಡಿ ಒಮ್ಮೆ ಅರ್ಧ ದಿನ ತಲೆಕೆರೆದುಕೊಂಡಿದ್ದೇನೆ.

ಎರಡು ಕ್ಲಸ್ಟರ್‌ಗಳಲ್ಲಿ ಸ್ಥಳೀಯ ರೂಲ್‌ಗಳನ್ನು ಬೇಕೆಂದೇ ಉಳಿಸಿದ್ದೇನೆ. ಅಲ್ಲಿನವರಿಗೆ ನಡುರಾತ್ರಿ ನನ್ನನ್ನು ಎಬ್ಬಿಸದೆ ಒಂದು ದಾರಿ ತೆರೆಯುವ ಅವಕಾಶ ಬೇಕು. ಪ್ರತಿ ಸೋಮವಾರ ಆ ಪಟ್ಟಿ ನೋಡುತ್ತೇನೆ. ಹೋದ ವಾರ ಒಂದು ಹೊಸ ‘ಟೆಂಪ್’ ಸಿಕ್ಕಿತು.