ಈ ಸ್ಟೇಟ್ ಯಾರದು?

ಟೋಕನ್ ಠೇವಣಿ ಇಡುವ ಆ್ಯಪ್ ಒಂದನ್ನು ಇಥೀರಿಯಂ ಎಂಬ ಬ್ಲಾಕ್‌ಚೈನ್ ಮೇಲೆ ಕಟ್ಟುತ್ತಿದ್ದೆ. ಪರದೆಗೆ ರಿಯಾಕ್ಟ್ ಎಂಬ ಜಾವಾಸ್ಕ್ರಿಪ್ಟ್ ಲೈಬ್ರರಿ, ಚೈನ್ ಮೇಲೆ ಓಡುವ ಪ್ರೋಗ್ರಾಂ ಆದ ಕಾಂಟ್ರ್ಯಾಕ್ಟ್‌ಗೆ ಸಾಲಿಡಿಟಿ ಭಾಷೆ. ಎರಡೂ ನನ್ನದೇ ಹೊಣೆ. ರಿಯಾಕ್ಟ್ ರೂಢಿಯಿದ್ದುದರಿಂದ ಕಾಂಟ್ರ್ಯಾಕ್ಟನ್ನೂ ಇನ್ನೊಂದು ಸರ್ವರ್ ಅಂತಲೇ ಅಂದುಕೊಂಡೆ. ಪುಟ ತೆರೆದಾಗ ಬ್ಯಾಲೆನ್ಸ್ ಓದಿ, ರಿಯಾಕ್ಟ್‌ನಲ್ಲಿ ಪರದೆಯ ತುಣುಕೊಂದು (ಕಾಂಪೊನೆಂಟ್) ತನ್ನ ಮಾಹಿತಿ ನೆನಪಿಡುವ ಯೂಸ್‌ಸ್ಟೇಟ್‌ನಲ್ಲಿ ಇಟ್ಟೆ. ಬಳಕೆದಾರರು ಠೇವಣಿ ಬಟನ್ ಒತ್ತಿದ ಕೂಡಲೇ ಮೊತ್ತ ಕೂಡಿಸಿ ತೋರಿಸಿದೆ.

ನನ್ನ ಯಂತ್ರದಲ್ಲಿನ ಲೋಕಲ್ ಚೈನ್‌ನಲ್ಲಿ ಟ್ರಾನ್ಸಾಕ್ಷನ್ ಕಳಿಸಿದ ತಕ್ಷಣ ಬ್ಲಾಕ್ ಸೇರುತ್ತಿತ್ತು, ಹಾಗಾಗಿ ಏನೂ ಕೆಡಲಿಲ್ಲ. ಪರೀಕ್ಷೆಗೆಂದೇ ಇರುವ ಟೆಸ್ಟ್‌ನೆಟ್‌ಗೆ ಹಾಕಿದ ಮೇಲೆ ಒಂದು ಠೇವಣಿ ರಿವರ್ಟ್ ಆಯಿತು, ಅಂದರೆ ನಡುವೆ ವಿಫಲವಾಗಿ ರದ್ದಾಯಿತು. ಕಾಂಟ್ರ್ಯಾಕ್ಟ್‌ನಲ್ಲಿ ಏನೂ ಬದಲಾಗಿರಲಿಲ್ಲ, ಪರದೆ ಮಾತ್ರ ಹಣ ಜಮೆಯಾಗಿದೆ ಎನ್ನುತ್ತಿತ್ತು. ಹಣದ ವಿಷಯದಲ್ಲಿ ಪರದೆ ಸುಳ್ಳು ಹೇಳಬಾರದು. ಅದೊಂದು ನನ್ನನ್ನು ಬಹಳ ಕಾಡಿತು.

ಕೋಡ್ ಮುಟ್ಟುವ ಮೊದಲು ಕಾಗದ ತೆಗೆದುಕೊಂಡು ಪ್ರತಿ ಸ್ಟೇಟ್, ಅಂದರೆ ಆ್ಯಪ್ ನೆನಪಿಡುವ ಪ್ರತಿ ಮಾಹಿತಿಯ ಎದುರು ಅದರ ಒಡೆಯ ಯಾರೆಂದು ಬರೆದೆ. ಟೈಪ್ ಮಾಡುತ್ತಿರುವ ಮೊತ್ತ, ತೆರೆದಿರುವ ಟ್ಯಾಬ್ ಕಾಂಪೊನೆಂಟ್‌ನವು. ಯಾವ ಖಾತೆ, ಯಾವ ಚೈನ್ ಎಂಬುದು ಬಳಕೆದಾರರ ಪರವಾಗಿ ಸಹಿ ಹಾಕುವ ವಾಲೆಟ್‌ನದು. ಬ್ಯಾಲೆನ್ಸ್ ಮತ್ತು ಗಡುವು ಕಾಂಟ್ರ್ಯಾಕ್ಟ್‌ನವು. ಕಾಂಪೊನೆಂಟ್‌ನದಲ್ಲದ್ದನ್ನೆಲ್ಲ ಯೂಸ್‌ಸ್ಟೇಟ್‌ನಿಂದ ತೆಗೆದೆ. ಕಾಂಟ್ರ್ಯಾಕ್ಟ್‌ನಿಂದ ಓದಿದ್ದು ಒಂದು ಕ್ಯಾಶ್‌ಗೆ (cache, ತಾತ್ಕಾಲಿಕ ಸಂಗ್ರಹ) ಹೋಯಿತು. ಚೈನ್ ಐಡಿ, ಕಾಂಟ್ರ್ಯಾಕ್ಟ್ ವಿಳಾಸ, ಖಾತೆ ಮೂರೂ ಸೇರಿ ಅದರ ಕೀ. ವಾಲೆಟ್‌ನಲ್ಲಿ ಖಾತೆ ಬದಲಿಸಿದಾಗ ಹಿಂದಿನ ಖಾತೆಯ ಬ್ಯಾಲೆನ್ಸ್ ಕ್ಷಣಕಾಲ ಇಣುಕುತ್ತಿದ್ದುದೂ ಇದರಿಂದ ನಿಂತಿತು.

ಹೆಚ್ಚು ದಿನ ಹಿಡಿದದ್ದು ಟ್ರಾನ್ಸಾಕ್ಷನ್. ‘ಲೋಡಿಂಗ್’ ಎಂಬ ಒಂದು ಬೂಲಿಯನ್ (ನಿಜ ಅಥವಾ ಸುಳ್ಳು) ಇದಕ್ಕೆ ಏನೇನೂ ಸಾಲದು. ಸಹಿಗೆ ಕಾಯುವುದು, ಕಳಿಸಿ ಆದದ್ದು, ಬ್ಲಾಕ್ ಸೇರಿದ್ದು, ಅಂತಿಮವಾದದ್ದು, ಬಳಕೆದಾರರೇ ಬೇಡವೆಂದದ್ದು, ರಿವರ್ಟ್ ಆದದ್ದು: ಇಷ್ಟನ್ನೂ ಬೇರೆ ಬೇರೆ ಹಂತಗಳಾಗಿ ರಿಯಾಕ್ಟ್‌ನ ಯೂಸ್‌ರೆಡ್ಯೂಸರ್‌ನಲ್ಲಿ ಬರೆದೆ. ಇಥೀರಿಯಂನಲ್ಲಿ ಬ್ಲಾಕ್ ಸೇರಿಸುವ ಅವಕಾಶ (ಸ್ಲಾಟ್) 12 ಸೆಕೆಂಡಿಗೊಂದು, ಆದರೆ ಬ್ಲಾಕ್ ಇನ್ನು ಬದಲಾಗದಂತೆ ಅಂತಿಮವಾಗಲು ಸುಮಾರು 13 ನಿಮಿಷ ಬೇಕು. ಆ ನಡುವಿನ ಹೊತ್ತಿನಲ್ಲಿ ಪರದೆ ಏನನ್ನು ಹೇಳಬೇಕೆಂದು ಮೊದಲೇ ತೀರ್ಮಾನಿಸಿಕೊಂಡಿರಬೇಕು. ಇಷ್ಟಾದ ಮೇಲೂ ಒಂದು ಪುಟ ‘ಕಳಿಸಲಾಗಿದೆ’ ಎಂಬಲ್ಲೇ ನಿಂತುಬಿಟ್ಟಿತ್ತು. ಹುಡುಕಿದಾಗ ಕಾರಣ ಸಿಕ್ಕಿತು: ವಾಲೆಟ್‌ನಲ್ಲಿ ‘ಸ್ಪೀಡ್ ಅಪ್’ ಒತ್ತಿದಾಗ ಅದೇ ನಾನ್ಸ್ (ಖಾತೆಯ ಟ್ರಾನ್ಸಾಕ್ಷನ್‌ನ ಕ್ರಮಸಂಖ್ಯೆ) ಇಟ್ಟುಕೊಂಡು ಹೆಚ್ಚು ಶುಲ್ಕದ ಹೊಸ ಟ್ರಾನ್ಸಾಕ್ಷನ್ ಹೋಗುತ್ತದೆ, ಟ್ರಾನ್ಸಾಕ್ಷನ್‌ನ ಗುರುತಾದ ಹ್ಯಾಶ್ ಬದಲಾಗುತ್ತದೆ. ನನ್ನ ಪುಟ ಎಂದೂ ಬಾರದ ಹಳೆಯ ಹ್ಯಾಶ್‌ನ ರಸೀದಿಗೆ ಕಾಯುತ್ತಿತ್ತು. ಖಾತೆಯ ನಾನ್ಸ್ ಮುಂದೆ ಹೋಗಿದೆಯೇ ಎಂದೂ ನೋಡಿ, ‘ಬದಲಿಯಾಗಿದೆ’ ಎಂಬ ಹಂತ ಸೇರಿಸಿದೆ.

ಕಾಂಟ್ರ್ಯಾಕ್ಟ್‌ನಲ್ಲೂ ಇದೇ ಬಗೆಯ ತಪ್ಪಿತ್ತು. ಗಡುವಿನ ಜೊತೆಗೆ ‘ತೆರೆದಿದೆ’ ಎಂಬ ಬೂಲಿಯನ್ ಇಟ್ಟಿದ್ದೆ. ಕಾಂಟ್ರ್ಯಾಕ್ಟ್ ತಾನಾಗಿ ಎಚ್ಚರಗೊಳ್ಳುವುದಿಲ್ಲ, ಯಾರಾದರೂ ಟ್ರಾನ್ಸಾಕ್ಷನ್ ಕಳಿಸಬೇಕು. ಗಡುವು ದಾಟಿದರೂ ಆ ಬೂಲಿಯನ್ ‘ನಿಜ’ ಎಂದೇ ಉಳಿಯಿತು. ಅದನ್ನು ಅಳಿಸಿ, ಕೇಳಿದಾಗಲೆಲ್ಲ ಬ್ಲಾಕ್‌ನ ಸಮಯವನ್ನು ಗಡುವಿಗೆ ಹೋಲಿಸುವ, ಏನನ್ನೂ ಬದಲಿಸದೆ ಓದಷ್ಟೇ ಮಾಡುವ ವ್ಯೂ ಫಂಕ್ಷನ್ ಬರೆದೆ.

ಹಾಗೆಂದು ಎಲ್ಲವನ್ನೂ ಲೆಕ್ಕ ಹಾಕಿಯೇ ಪಡೆಯಲಾಗದು. ಒಟ್ಟು ಠೇವಣಿಯನ್ನು ರಿಯಾಕ್ಟ್‌ನಲ್ಲಿ ಪ್ರತಿ ರೆಂಡರ್‌ಗೂ (ಪರದೆ ಮೂಡಿಸುವಾಗಲೆಲ್ಲ) ಕೂಡಿಸಬಹುದು. ಕಾಂಟ್ರ್ಯಾಕ್ಟ್‌ನಲ್ಲಿ ಠೇವಣಿದಾರರ ಪಟ್ಟಿಯ ಮೇಲೆ ಲೂಪ್ ಓಡಿಸಿದರೆ ಪಟ್ಟಿ ಬೆಳೆದಂತೆ ಗ್ಯಾಸ್ (ಚೈನ್ ಮೇಲಿನ ಕೆಲಸದ ವೆಚ್ಚದ ಅಳತೆ) ಏರಿ, ಕೊನೆಗೆ ಬ್ಲಾಕ್‌ನ ಮಿತಿಗೇ ಬಡಿಯುತ್ತದೆ. ಸೊನ್ನೆಯಿದ್ದ ಸ್ಟೋರೇಜ್ ಸ್ಲಾಟ್‌ಗೆ (ಕಾಂಟ್ರ್ಯಾಕ್ಟ್ ಮೌಲ್ಯ ಇಡುವ ಜಾಗ) ಮೊದಲ ಬಾರಿ ಬರೆಯಲು 20,000 ಗ್ಯಾಸ್‌ಗಿಂತ ಹೆಚ್ಚು ಬೇಕಾದರೂ ಒಟ್ಟು ಮೊತ್ತಕ್ಕೆ ಒಂದು ಸ್ಲಾಟ್ ಕೊಟ್ಟೆ. ಖಾತೆಯ ಬ್ಯಾಲೆನ್ಸ್ ಬದಲಿಸುವ ಫಂಕ್ಷನ್‌ನಲ್ಲೇ ಅದನ್ನೂ ಬದಲಿಸುತ್ತೇನೆ. ರಿವರ್ಟ್ ಆದರೆ ಎರಡೂ ಒಟ್ಟಿಗೇ ಹಿಂದಿನ ಸ್ಥಿತಿಗೆ ಮರಳುತ್ತವೆ. ಪರದೆಯ ಕೋಡ್‌ಗೆ ಇಂಥ ಆಸರೆ ಇಲ್ಲ ಎಂಬುದು ನನಗೆ ಆಗಲೇ ಸರಿಯಾಗಿ ಹೊಳೆದದ್ದು.

ಮೊತ್ತಗಳನ್ನು ಕೊನೆಯವರೆಗೂ ದೊಡ್ಡ ಪೂರ್ಣಾಂಕಗಳಿಗಿರುವ ಬಿಗ್‌ಇಂಟ್‌ನಲ್ಲೇ ಇಡುತ್ತೇನೆ. ನಮ್ಮ ಟೋಕನ್‌ಗೆ 18 ದಶಮಾಂಶ ಸ್ಥಾನಗಳು, ಅತಿ ಸಣ್ಣ ಘಟಕದಲ್ಲಿ ಎಣಿಸಿದರೆ ಒಂದೇ ಒಂದು ಟೋಕನ್ ಕೂಡ ಜಾವಾಸ್ಕ್ರಿಪ್ಟ್‌ನ ಸಾಮಾನ್ಯ ಸಂಖ್ಯೆಯ ಸುರಕ್ಷಿತ ಮಿತಿಯನ್ನು ಮೀರುತ್ತದೆ.

ಈಗ ಠೇವಣಿ ಒತ್ತಿದರೆ ಬ್ಯಾಲೆನ್ಸ್ ಅಲುಗುವುದಿಲ್ಲ. ಅದರ ಕೆಳಗೆ ‘ದಾರಿಯಲ್ಲಿದೆ’ ಎಂಬ ಬೇರೆ ಸಾಲು ಬರುತ್ತದೆ. ರಸೀದಿ ಬಂದು, ಕಾಂಟ್ರ್ಯಾಕ್ಟ್‌ನಿಂದ ಮತ್ತೆ ಓದಿದ ಮೇಲಷ್ಟೇ ಆ ಸಾಲು ಮಾಯವಾಗಿ ಮೇಲಿನ ಸಂಖ್ಯೆ ಬದಲಾಗುತ್ತದೆ.