ಟಿವಿ ಯೂನಿಟ್ ಆರಿಸುವ ಮುಂಚೆ ಟೇಪ್ ಹಿಡಿಯಿರಿ

55 ಇಂಚು ಅನ್ನೋದು ಟಿವಿಯ ಅಗಲ ಅಲ್ಲ, ಮೂಲೆಯಿಂದ ಮೂಲೆಗೆ ಇರುವ ಅಳತೆ. ಅಗಲ ಸುಮಾರು 48 ಇಂಚು. ಯೂನಿಟ್ ಎರಡೂ ಕಡೆ ಒಂದು ಗೇಣಾದರೂ ಜಾಸ್ತಿ ಇರಲಿ, ಇಲ್ಲದಿದ್ದರೆ ಟಿವಿ ಸ್ಟೂಲ್ ಮೇಲೆ ಕೂತ ಹಾಗೆ ಕಾಣುತ್ತದೆ. ಟಿವಿ ಕಾಲುಗಳ ಅಂತರವನ್ನೂ ಅಳೆಯಿರಿ. ನಾನು ಅಳೆಯದೆ ಯೂನಿಟ್ ತಂದು, ಟಿವಿಯ ಒಂದು ಕಾಲು ಅಂಚಿನಾಚೆ ನಿಂತು, ಕೊನೆಗೆ ಟಿವಿ ಕೆಳಗೆ ಉದ್ದದ ಹಲಗೆ ಇಡಬೇಕಾಯಿತು. ಎತ್ತರ ಗೊತ್ತಾಗಲು ಸೋಫಾದಲ್ಲಿ ಕೂತು ನೋಡಿ: ಪರದೆಯ ನಡುಭಾಗ ಹೆಚ್ಚುಕಡಿಮೆ ಕಣ್ಣಿನ ಮಟ್ಟಕ್ಕೆ ಬರಬೇಕು.

ಸೆಟ್‌ಟಾಪ್ ಬಾಕ್ಸ್ ಇಡುವ ಖಾನೆಯ ಹಿಂಬದಿ ಪೂರ್ತಿ ಮುಚ್ಚಿರಬಾರದು, ಬಿಸಿ ಹೊರಹೋಗಬೇಕು ಅಲ್ವಾ? ಆ ಖಾನೆಗೆ ಮರದ ಬಾಗಿಲಿದ್ದರೆ ಸಾಮಾನ್ಯ ರಿಮೋಟ್ ಕೆಲಸ ಮಾಡಲ್ಲ, ಗಾಜಿನದು ವಾಸಿ. ವೈರಿನ ತೂತಿನಲ್ಲಿ ಪ್ಲಗ್ ತೂರಬೇಕು. ಹೊಳೆಯುವ ಕಪ್ಪು ಬಣ್ಣ ಬೇಡ, ಧೂಳು, ಬೆರಳಚ್ಚು ಎಲ್ಲಾ ಎದ್ದು ಕಾಣುತ್ತದೆ.