ಅಂಗಡಿ ಲೆಕ್ಕಕ್ಕೆ ಯಾವ ಡೇಟಾಬೇಸ್? ಮೊದಲು ಕೌಂಟರ್ ಎಣಿಸಿ

ಮಂಡಿಗೆ, ಅಂಗಡಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆದುಕೊಡುವ ಹುಡುಗರು ಸ್ಕ್ರೀನ್ ಚಂದ ಮಾಡಲು ವಾರಗಟ್ಟಲೆ ಕೂರುತ್ತಾರೆ. ಡೇಟಾ ಎಲ್ಲಿ ಇಡಬೇಕು ಅನ್ನುವುದನ್ನು ಮಾತ್ರ ಟೀ ಕುಡಿಯುವಷ್ಟರಲ್ಲಿ ತೀರ್ಮಾನ ಮಾಡಿಬಿಡುತ್ತಾರೆ. ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಸೀಸನ್ ಬಂತು ಅಂದರೆ ಇದರ ಫಲ ಕಾಣುತ್ತದೆ. ಬೆಳಿಗ್ಗೆ ಹರಾಜು ನಡೆಯುತ್ತಿರುತ್ತದೆ, ಮೂರು ಕೌಂಟರಿನಲ್ಲಿ ಒಟ್ಟಿಗೆ ಪಟ್ಟಿ (ರೈತರಿಗೆ ಕೊಡುವ ಬಿಲ್) ಹೊಡೆಯುತ್ತಿರುತ್ತಾರೆ, ಆಗ ಸಿಸ್ಟಂ ಗಕ್ಕನೆ ನಿಲ್ಲುತ್ತದೆ. ದುಡ್ಡಿಗೆ ಕಾಯುವ ರೈತರು ಕಿಟಕಿ ಮುಂದೆ, ಮಾಲೀಕರು ಫೋನಿನಲ್ಲಿ, ಸಾಫ್ಟ್‌ವೇರ್ ಹುಡುಗ ಬೆಂಗಳೂರಿನ ರೈಲಿನಲ್ಲಿ.

ಟ್ಯಾಲಿಯಂಥ ರೆಡಿ ಪ್ಯಾಕೇಜ್ ಇಟ್ಟುಕೊಂಡಿದ್ದರೆ ಈ ತಲೆನೋವು ನಿಮಗಿಲ್ಲ. ತನ್ನ ಡೇಟಾವನ್ನು ಅದು ತನ್ನದೇ ರೀತಿಯಲ್ಲಿ ಇಟ್ಟುಕೊಳ್ಳುತ್ತದೆ. ಸ್ವಂತಕ್ಕೆ ಬರೆಸುವವರು, ಬರೆದುಕೊಡುವವರು ಮುಂದೆ ಓದಿ.

1. ಡೇಟಾ ಎಷ್ಟು ಅಂತ ಲೆಕ್ಕ ಹಾಕಿ

ದಿನಕ್ಕೆ 400 ಪಟ್ಟಿ, ಪಟ್ಟಿಗೆ 5 ಸಾಲು, ವರ್ಷಕ್ಕೆ 300 ದಿನ ಅಂದುಕೊಳ್ಳಿ. 6 ಲಕ್ಷ ಸಾಲು ಆಯಿತು. ಸಾಲಿಗೆ 200 ಬೈಟ್ ಹಿಡಿದರೆ 120 ಎಂಬಿ. ಇಂಡೆಕ್ಸ್ (ಬೇಗ ಹುಡುಕಲು ಇಡುವ ಸೂಚಿ) ಸೇರಿ ದುಪ್ಪಟ್ಟಾದರೂ ಇವತ್ತಿನ ಯಾವ ಡೇಟಾಬೇಸಿಗೂ ಇದು ಲೆಕ್ಕಕ್ಕಿಲ್ಲ. ಎಕ್ಸೆಲ್‌ಗೆ ಮಾತ್ರ ಜಾಸ್ತಿಯೇ. ಅದರ ಒಂದು ಶೀಟಿನಲ್ಲಿ ಇರುವುದು 10,48,576 ಸಾಲು, ಎರಡನೇ ವರ್ಷ ಮುಗಿಯುವ ಮೊದಲೇ ತುಂಬುತ್ತದೆ. ರೈತರ ಆಧಾರ್ ಪ್ರತಿ, ಬಿಲ್ಲಿನ ಫೋಟೊ ಇವನ್ನೆಲ್ಲ ಡೇಟಾಬೇಸ್ ಒಳಗೆ ತುರುಕಬೇಡಿ. ಫೋಟೊ ಫೋಲ್ಡರಿನಲ್ಲಿರಲಿ, ಅದರ ಹೆಸರು ಮಾತ್ರ ಡೇಟಾಬೇಸಿನಲ್ಲಿರಲಿ.

"ನಾಳೆ ಬೆಳೆದರೆ?" ಅಂತ ಹೇಳಿ ಟೇಬಲ್ ಇಲ್ಲದ ಮಾಂಗೊಡಿಬಿ ಡೇಟಾಬೇಸ್ ಹಾಕಿಸುವವರೂ ಇದ್ದಾರೆ. ರೈತ, ಲಾಟ್, ಖರೀದಿದಾರ, ಪಾವತಿ ಇವೆಲ್ಲ ಒಂದಕ್ಕೊಂದು ಗಂಟು ಹಾಕಿಕೊಂಡ ಲೆಕ್ಕ. ಅದಕ್ಕೆ ಟೇಬಲ್ ಇರುವ ಡೇಟಾಬೇಸೇ ಸರಿ. ಈ ಚರ್ಚೆಗೆ ಇಷ್ಟು ಸಾಕು.

2. ಒಂದೇ ಹೊತ್ತಿಗೆ ಎಷ್ಟು ಕೌಂಟರ್ ಬರೆಯುತ್ತವೆ?

ಎಡವುವುದು ಇಲ್ಲೇ, ನಿಧಾನವಾಗಿ ಓದಿ.

ಒಂದೇ ಕಂಪ್ಯೂಟರ್ ಇದ್ದರೆ ಎಸ್‌ಕ್ಯೂಲೈಟ್ ಅನ್ನುವ ಪುಟ್ಟ ಡೇಟಾಬೇಸ್ ಹಾಕಿ, ಬೇರೆ ಯೋಚನೆ ಬೇಡ. 2000ದಲ್ಲಿ ರಿಚರ್ಡ್ ಹಿಪ್ ಶುರು ಮಾಡಿದ್ದು. ದುಡ್ಡಿಲ್ಲ, ಲೈಸೆನ್ಸ್ ಗೊಡವೆ ಇಲ್ಲ. ನಿಮ್ಮ ಆಂಡ್ರಾಯ್ಡ್ ಫೋನಿನೊಳಗೂ ಅದೇ ಕೂತಿದೆ. ಇಡೀ ಡೇಟಾಬೇಸ್ ಒಂದೇ ಫೈಲ್.

ಆ ಒಂದೇ ಫೈಲ್ ಅನ್ನುವ ಅನುಕೂಲವೇ ಜನರನ್ನು ಕೆಡಿಸುವುದು. ಎರಡನೇ ಕೌಂಟರ್ ಬಂದ ದಿನ ಏನು ಮಾಡುತ್ತಾರೆ ಗೊತ್ತಾ? ಫೋಲ್ಡರ್ ಶೇರ್ ಮಾಡಿ, ಫೈಲನ್ನು ಅದರೊಳಗೆ ಇಟ್ಟು, ಉಳಿದ ಕಂಪ್ಯೂಟರ್‌ಗಳಿಂದ ಅದನ್ನೇ ತೆರೆಯುತ್ತಾರೆ. ಮೈಕ್ರೋಸಾಫ್ಟ್ ಆಕ್ಸೆಸ್ ಡೇಟಾಬೇಸ್ ಫೈಲಿಗೂ ಇದೇ ಗತಿ, ಹಳೆಯ ಫಾಕ್ಸ್‌ಪ್ರೊ ಫೈಲಿಗೂ ಇದೇ ಗತಿ. ಟೆಸ್ಟ್ ಮಾಡುವಾಗ ಚೆನ್ನಾಗಿಯೇ ಓಡುತ್ತದೆ, ಏಕೆಂದರೆ ಆಗ ಕ್ಲಿಕ್ ಮಾಡುವವನು ಒಬ್ಬನೇ.

ಎಸ್‌ಕ್ಯೂಲೈಟ್‌ನಲ್ಲಿ ಸರ್ವರ್ ಅಂತ ಯಾರೂ ಇಲ್ಲ. ಪ್ರತಿ ಕೌಂಟರಿನ ಪ್ರೋಗ್ರಾಂ ತಾನೇ ಫೈಲಿಗೆ ಕೈ ಹಾಕುತ್ತದೆ. ಒಂದು ಹೊತ್ತಿಗೆ ಒಬ್ಬರೇ ಬರೆಯಬೇಕು, ಅದಕ್ಕೆ ಮೊದಲು ಲಾಕ್ (ಬೇರೆಯವರು ಬರೆಯದಂತೆ ತಡೆ) ಕೇಳಬೇಕು. ಒಂದೇ ಕಂಪ್ಯೂಟರಿನೊಳಗೆ ಈ ಲಾಕ್ ಗಟ್ಟಿ. ನೆಟ್‌ವರ್ಕ್ ಫೋಲ್ಡರಿನಲ್ಲಿ ಅದನ್ನು ನಂಬುವ ಹಾಗಿಲ್ಲ. ಇಬ್ಬರಿಗೂ "ಲಾಕ್ ನಿನ್ನದೇ" ಅಂತ ಉತ್ತರ ಬಂದರೆ ಇಬ್ಬರೂ ಒಂದೇ ಜಾಗದಲ್ಲಿ ಬರೆಯುತ್ತಾರೆ. "ಡೇಟಾಬೇಸ್ ಈಸ್ ಲಾಕ್ಡ್" ಅಂತ ಬಂದರೆ ಪುಣ್ಯ ಅಂದುಕೊಳ್ಳಿ, ಕಾದರೆ ಸರಿಹೋಗಬಹುದು. "ಡಿಸ್ಕ್ ಇಮೇಜ್ ಈಸ್ ಮಾಲ್‌ಫಾರ್ಮ್ಡ್" ಅಂತ ಬಂದರೆ ಫೈಲ್ ಕೆಟ್ಟಿದೆ ಅಂತಲೇ ಅರ್ಥ.

"ವಾಲ್ ಮೋಡ್ ಆನ್ ಮಾಡಿ, ಸರಿಹೋಗುತ್ತೆ" ಅಂತ ಯಾರಾದರೂ ಹೇಳುತ್ತಾರೆ. ಬದಲಾವಣೆಗಳನ್ನು ಮೊದಲು ಬೇರೆ ಲಾಗ್ ಫೈಲಿನಲ್ಲಿ ಬರೆಯುವ ರೀತಿ ಅದು. ಒಂದೇ ಕಂಪ್ಯೂಟರಿಗೆ ಒಳ್ಳೆಯ ಸಲಹೆ. ಜೊತೆಗೆ ಬ್ಯುಸಿ ಟೈಮ್‌ಔಟ್ (ಲಾಕ್ ಸಿಗುವವರೆಗೆ ಕಾಯುವ ಹೊತ್ತು) 5000 ಮಿಲಿಸೆಕೆಂಡ್ ಇಡಿ. ಆದರೆ ವಾಲ್ ಮೋಡ್‌ಗೆ ಎಲ್ಲ ಪ್ರೋಗ್ರಾಂಗಳೂ ಒಂದೇ ಕಂಪ್ಯೂಟರಿನ ಮೆಮೊರಿ ಹಂಚಿಕೊಳ್ಳಬೇಕು. ನೆಟ್‌ವರ್ಕ್ ಫೋಲ್ಡರಿನಲ್ಲಿ ಅದು ನಡೆಯುವುದಿಲ್ಲ. ಗೂಗಲ್ ಡ್ರೈವ್ ಸಿಂಕ್ ಫೋಲ್ಡರಿನಲ್ಲಿ ಓಡುತ್ತಿರುವ ಫೈಲ್ ಇಡುವುದಂತೂ ಇನ್ನೂ ಅಪಾಯ.

ಹಾಗಾದರೆ ಏನು ಮಾಡಬೇಕು? ಎರಡು ದಾರಿ ಇವೆ. ಮೊದಲನೆಯದು ನಿಜವಾದ ಸರ್ವರ್ ಡೇಟಾಬೇಸ್. ಅದು ಖಾತೆ ಪುಸ್ತಕವನ್ನು ಯಾರ ಕೈಗೂ ಕೊಡದ ಗುಮಾಸ್ತನ ಹಾಗೆ: ಎಲ್ಲರೂ ಅವನಿಗೆ ಹೇಳಬೇಕು, ಬರೆಯುವವನು ಅವನೊಬ್ಬನೇ. ಎರಡನೆಯದು ಅಡ್ಡದಾರಿ, ಆದರೆ ಕಳ್ಳದಾರಿಯಲ್ಲ. ಒಂದು ಕಂಪ್ಯೂಟರಿನಲ್ಲಿ ಸಣ್ಣ ವೆಬ್ ಆ್ಯಪ್ ಓಡಿಸಿ, ಎಸ್‌ಕ್ಯೂಲೈಟ್ ಫೈಲ್ ಅದರ ಸ್ವಂತ ಡಿಸ್ಕಿನಲ್ಲೇ ಇರಲಿ. ಉಳಿದ ಕೌಂಟರ್‌ಗಳು ಬ್ರೌಸರಿನಿಂದ ಬರಲಿ. ಫೈಲ್ ಮುಟ್ಟುವುದು ಆ ಒಂದು ಆ್ಯಪ್ ಮಾತ್ರ. ಮೂರು ಕೌಂಟರಿನ ಮಂಡಿಗೆ ಇಷ್ಟು ಸಾಕು.

ಇದರ ಜೊತೆಗೇ ಬರುವ ಇನ್ನೊಂದು ಎಡವಟ್ಟು ಪಟ್ಟಿ ನಂಬರ್. "ಕೊನೆಯ ನಂಬರಿಗೆ ಒಂದು ಕೂಡಿಸು" ಅಂತ ಕೋಡ್ ಬರೆದಿರುತ್ತಾರೆ. ಎರಡು ಕೌಂಟರ್ ಒಂದೇ ಕ್ಷಣದಲ್ಲಿ ಕೇಳಿದರೆ ಇಬ್ಬರಿಗೂ 1187 ಸಿಗುತ್ತದೆ. ಒಂದೇ ನಂಬರಿನ ಪಟ್ಟಿ ಇಬ್ಬರು ರೈತರ ಕೈಯಲ್ಲಿ! ನಂಬರ್ ಕಾಲಂಗೆ ಒಂದೇ ನಂಬರನ್ನು ಎರಡು ಸಲ ಬಿಡದ ಯೂನಿಕ್ ನಿಬಂಧನೆ ಹಾಕಲೇಬೇಕು. ತಾನೇ ಮುಂದಿನ ನಂಬರ್ ಕೊಡುವ ಡೇಟಾಬೇಸಿನ ಸೀಕ್ವೆನ್ಸ್ ಬಳಸಿದರೆ ನಂಬರ್ ಎರಡು ಸಲ ಬರುವುದಿಲ್ಲ ನಿಜ, ಆದರೆ ನಡುವೆ ಬಿಲ್ ರದ್ದಾದರೆ ನಂಬರ್ ಹಾರಿಹೋಗುತ್ತದೆ. ಜಿಎಸ್‌ಟಿ ಬಿಲ್ಲಿನಲ್ಲಿ ನಂಬರ್ ಕ್ರಮವಾಗಿ ಇರಬೇಕು, 16 ಅಕ್ಷರ ಮೀರಬಾರದು. ಅದೇ ನಿಯಮ ಒಂದಕ್ಕಿಂತ ಹೆಚ್ಚು ಸರಣಿಗೂ ಅವಕಾಶ ಕೊಡುತ್ತದೆ. ಆದ್ದರಿಂದ ಕೌಂಟರಿಗೊಂದು ಸರಣಿ ಕೊಡಿ, ಪ್ರತಿ ಸರಣಿಯ ಕೊನೆಯ ನಂಬರನ್ನು ಪುಟ್ಟ ಟೇಬಲಿನಲ್ಲಿ ಇಟ್ಟು, ಬಿಲ್ ಉಳಿಸುವ ಟ್ರಾನ್ಸಾಕ್ಷನ್ (ಪೂರ್ತಿ ಆಗಬೇಕು, ಇಲ್ಲ ಏನೂ ಆಗಬಾರದು ಅನ್ನುವ ಕೆಲಸದ ಕಟ್ಟು) ಒಳಗೇ ಅದನ್ನೂ ಏರಿಸಿ.

ಒಪ್ಪಿಸುವ ಮೊದಲು ಒಂದು ಪರೀಕ್ಷೆ. ಮೂರು ಕಂಪ್ಯೂಟರಿನಿಂದ ಏಕಕಾಲಕ್ಕೆ ತಲಾ 1000 ಸುಳ್ಳು ಪಟ್ಟಿ ಹಾಕುವ ಸ್ಕ್ರಿಪ್ಟ್ ಓಡಿಸಿ. ಕೊನೆಯಲ್ಲಿ 3000 ಇರಬೇಕು, ಒಂದು ನಂಬರೂ ಎರಡು ಸಲ ಬರಬಾರದು. ಓಡುತ್ತಿರುವಾಗಲೇ ಒಂದು ನೆಟ್‌ವರ್ಕ್ ಕೇಬಲ್ ಕಿತ್ತು ನೋಡಿ. ಅರ್ಧ ಉಳಿದ ಪಟ್ಟಿ ಸಿಕ್ಕರೆ ಟ್ರಾನ್ಸಾಕ್ಷನ್ ಸರಿ ಬರೆದಿಲ್ಲ.

3. ಸರ್ವರ್ ಬೇಕಾದರೆ ಯಾವುದು?

ಪೋಸ್ಟ್‌ಗ್ರೆಸ್. ಉಚಿತ, ಗಾತ್ರದ ಕಟ್ಟು ಇಲ್ಲ, ತಪ್ಪು ಡೇಟಾ ಕೊಟ್ಟರೆ ಮುಖಕ್ಕೆ ಹೊಡೆದ ಹಾಗೆ ಬೇಡ ಅನ್ನುತ್ತದೆ. ಹುಡುಗನಿಗೆ ಮೈಎಸ್‌ಕ್ಯೂಎಲ್ ಅಥವಾ ಮರಿಯಾಡಿಬಿ ಮಾತ್ರ ಬರುತ್ತದೆ ಅಂದರೆ ಅದೂ ನಡೆಯುತ್ತದೆ, ಟೇಬಲ್‌ಗಳು ಟ್ರಾನ್ಸಾಕ್ಷನ್ ಇರುವ ಇನ್ನೊಡಿಬಿ ಮಾದರಿಯಲ್ಲಿ ಇವೆಯಾ ನೋಡಿ. ಹಳೆಯ ಮೈಐಸ್ಯಾಮ್ ಟೇಬಲಿಗೆ ಟ್ರಾನ್ಸಾಕ್ಷನ್ನೇ ಇಲ್ಲ. ಕರೆಂಟ್ ಹೋದ ಮಧ್ಯಾಹ್ನ ಅದರ ಬೆಲೆ ಗೊತ್ತಾಗುತ್ತದೆ. ಮೈಕ್ರೋಸಾಫ್ಟಿನ ಎಸ್‌ಕ್ಯೂಎಲ್ ಸರ್ವರ್ ಎಕ್ಸ್‌ಪ್ರೆಸ್ ಉಚಿತವೇ, 2022ರ ಆವೃತ್ತಿಯವರೆಗೆ ಒಂದು ಡೇಟಾಬೇಸಿಗೆ 10 ಜಿಬಿ ಮಿತಿ. ನಮ್ಮ 120 ಎಂಬಿ ಲೆಕ್ಕಕ್ಕೆ ಅದು ಸಾಲುತ್ತದೆ. ಆದರೆ ಹೊತ್ತಿಗೆ ಸರಿಯಾಗಿ ಬ್ಯಾಕಪ್ ಮಾಡುವ ಏಜೆಂಟ್ ಅದರಲ್ಲಿ ಇಲ್ಲ, ವಿಂಡೋಸ್ ಟಾಸ್ಕ್ ಶೆಡ್ಯೂಲರಿನಲ್ಲಿ ನೀವೇ ಹಾಕಿಕೊಳ್ಳಬೇಕು. ದುಡ್ಡು ಕೊಟ್ಟು ಕೊಳ್ಳಬೇಕಾದ ಆವೃತ್ತಿಯ ಕ್ರ್ಯಾಕ್ ತಂದು ಹಾಕುವವರನ್ನು ಅಂಗಡಿ ಒಳಗೇ ಸೇರಿಸಬೇಡಿ. ಕ್ರ್ಯಾಕ್ ಜೊತೆ ಇನ್ನೇನು ಬರುತ್ತದೋ ಯಾರಿಗೆ ಗೊತ್ತು.

ಸರ್ವರ್ ಕಂಪ್ಯೂಟರಿಗೆ ಬದಲಾಗದ ಐಪಿ ಕೊಡಿ, ಪೋಸ್ಟ್‌ಗ್ರೆಸ್‌ನ 5432 ಪೋರ್ಟನ್ನು (ನೆಟ್‌ವರ್ಕಿನ ಬಾಗಿಲು) ಅಂಗಡಿಯ ನೆಟ್‌ವರ್ಕಿಗೆ ಮಾತ್ರ ತೆರೆಯಿರಿ. "ಮನೆಯಿಂದ ನೋಡಬೇಕು" ಅಂತ ಮಾಲೀಕರು ಕೇಳಿದರೂ ರೌಟರಿನಲ್ಲಿ ಪೋರ್ಟ್ ಇಂಟರ್‌ನೆಟ್ಟಿಗೆ ಬಿಡಬೇಡಿ, ವಿಪಿಎನ್ (ಇಂಟರ್‌ನೆಟ್ ಮೂಲಕ ಗುಟ್ಟಾದ ಖಾಸಗಿ ದಾರಿ) ಹಾಕಿ. ಡೇಟಾಬೇಸ್ ಪೂರ್ತಿ ಕ್ಲೌಡಿನಲ್ಲಿ ಇಡುವುದು ಮಂಡಿಗೆ ಬೇಡ. ಹರಾಜಿನ ಹೊತ್ತಿಗೆ ನೆಟ್ ಹೋದರೆ ಪಟ್ಟಿಯೂ ಹೋಯಿತು.

4. ದುಡ್ಡು ಮತ್ತು ಕನ್ನಡ

ದುಡ್ಡಿನ ಕಾಲಂ ಫ್ಲೋಟ್ (ದಶಮಾಂಶವನ್ನು ಅಂದಾಜಾಗಿ ಇಡುವ ಬಗೆ) ಇರಬಾರದು. ಅದರಲ್ಲಿ 0.1ಕ್ಕೆ 0.2 ಕೂಡಿಸಿದರೆ ಸರಿಯಾಗಿ 0.3 ಬರುವುದಿಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ನ್ಯೂಮೆರಿಕ್ ಬಳಸಿ. ಎಸ್‌ಕ್ಯೂಲೈಟ್‌ನಲ್ಲಿ ಡೆಸಿಮಲ್ ಅಂತ ಬರೆದರೂ ಒಳಗೆ ಫ್ಲೋಟೇ ಆಗಬಹುದು, ಅದಕ್ಕೆ ಪೈಸೆಯಲ್ಲಿ ಪೂರ್ಣಸಂಖ್ಯೆ ಇಡಿ. ಇನ್ನೊಂದು ವಿಷಯ: ಎಸ್‌ಕ್ಯೂಲೈಟ್ ಸಂಖ್ಯೆಯ ಕಾಲಂನಲ್ಲಿ "28 ರೂ" ಅಂತ ಬರೆದರೂ ಸುಮ್ನೆ ಇಟ್ಟುಕೊಳ್ಳುತ್ತದೆ. 2021ರಲ್ಲಿ ಬಂದ ಸ್ಟ್ರಿಕ್ಟ್ ಟೇಬಲ್ ಬಳಸಿದರೆ ಆ ಕಾಟ ಇಲ್ಲ.

ಹೆಸರುಗಳು ಕನ್ನಡದಲ್ಲಿದ್ದರೆ ಯೂನಿಕೋಡ್‌ನಲ್ಲೇ ಟೈಪ್ ಆಗಬೇಕು. ನುಡಿ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿ ಹಾಕಿದರೆ ತೆರೆಯ ಮೇಲೆ ಕನ್ನಡ, ಡೇಟಾಬೇಸಿನಲ್ಲಿ ಇಂಗ್ಲಿಷ್ ಚಿಹ್ನೆಗಳ ಕಸ. ಮೈಎಸ್‌ಕ್ಯೂಎಲ್ ಆದರೆ ಕ್ಯಾರೆಕ್ಟರ್ ಸೆಟ್ ಯುಟಿಎಫ್8ಎಂಬಿ4 ಆಯ್ಕೆ ಮಾಡಿ. ಎಸ್‌ಕ್ಯೂಎಲ್ ಸರ್ವರ್ ಆದರೆ ಎನ್‌ವಾರ್‌ಚಾರ್ ಬಗೆಯ ಕಾಲಂ, ಇಲ್ಲವಾದರೆ ಮುನಿಯಪ್ಪ ಬರೀ ಪ್ರಶ್ನಾರ್ಥಕ ಚಿಹ್ನೆಗಳಾಗಿ ಕೂರುತ್ತಾನೆ. ಕಾಲಂ ಉದ್ದವನ್ನೂ ಧಾರಾಳವಾಗಿ ಕೊಡಿ. "ಸ್ತ್ರೀ" ನಮ್ಮ ಕಣ್ಣಿಗೆ ಒಂದು ಅಕ್ಷರ, ಕಂಪ್ಯೂಟರಿಗೆ ಆರು. ರಾಜ್‌ಕುಮಾರ್ ಅಂತ ಒಬ್ಬರು ಜಕಾರ ಬಿಡಿಸಿ ಬರೆಯುತ್ತಾರೆ, ಇನ್ನೊಬ್ಬರು ಕಕಾರವನ್ನು ಒತ್ತಾಗಿಸುತ್ತಾರೆ. ಬಿಡಿಸಲು ಬಳಸುವ ಕಾಣದ ಚಿಹ್ನೆಯಿಂದಾಗಿ ಹುಡುಕಿದರೆ ಒಂದು ಸಿಕ್ಕಿ ಇನ್ನೊಂದು ಸಿಗುವುದಿಲ್ಲ. ಹುಡುಕುವುದಕ್ಕೇ ಬೇರೆ ಕಾಲಂ ಇಟ್ಟು, ಅದರಲ್ಲಿ ಆ ಚಿಹ್ನೆ ತೆಗೆದು ಉಳಿಸಿ. ಇದಕ್ಕಿಂತ ಸುಲಭ, ರೈತರ ಮೊಬೈಲ್ ನಂಬರಿನಿಂದ ಹುಡುಕುವುದು.

5. ಬ್ಯಾಕಪ್

ಓಡುತ್ತಿರುವ ಡೇಟಾಬೇಸಿನ ಫೈಲನ್ನು ಕಾಪಿ ಪೇಸ್ಟ್ ಮಾಡಿದರೆ ಅದು ಬ್ಯಾಕಪ್ ಅಲ್ಲ. ಪೋಸ್ಟ್‌ಗ್ರೆಸ್‌ಗೆ ಪಿಜಿ ಡಂಪ್ ಇದೆ, ಎಸ್‌ಕ್ಯೂಲೈಟ್‌ಗೆ ಅದರದೇ ಬ್ಯಾಕಪ್ ಕಮಾಂಡ್ ಇದೆ. ಮಂಡಿ ಮುಚ್ಚಿದ ಮೇಲೆ ತಾನಾಗಿ ಓಡುವ ಹಾಗೆ ಇಡಿ. ಒಂದು ಪ್ರತಿ ಅಂಗಡಿಯ ಹೊರಗೆ ಹೋಗಬೇಕು. ಕಂಪ್ಯೂಟರ್ ಇರುವ ಮೇಜಿನ ಡ್ರಾಯರಿನಲ್ಲೇ ಪೆನ್‌ಡ್ರೈವ್ ಇಟ್ಟರೆ ಕಳ್ಳನಿಗೆ ಎರಡೂ ಸಿಗುತ್ತದೆ. ಗೂಗಲ್ ಡ್ರೈವ್ ಬೇಕಾದದ್ದು ಇಲ್ಲಿಗೆ.

ತಿಂಗಳಿಗೊಮ್ಮೆ ಬ್ಯಾಕಪ್ಪನ್ನು ಬೇರೆ ಲ್ಯಾಪ್‌ಟಾಪಿನಲ್ಲಿ ರಿಸ್ಟೋರ್ ಮಾಡಿ, ಕೊನೆಯ ಪಟ್ಟಿ ನಂಬರ್ ಮತ್ತು ಒಟ್ಟು ಬಾಕಿ ತಾಳೆ ನೋಡಿ. ಜಿಎಸ್‌ಟಿ ನೋಂದಣಿ ಇದ್ದವರು ವಾರ್ಷಿಕ ರಿಟರ್ನಿನ ಕೊನೆಯ ದಿನಾಂಕದಿಂದ 72 ತಿಂಗಳು ಲೆಕ್ಕ ಇಟ್ಟಿರಬೇಕು, ಹಳೆಯ ವರ್ಷದ ಬ್ಯಾಕಪ್ ಅಳಿಸುವ ಮೊದಲು ಅದನ್ನು ನೆನಪಿಟ್ಟುಕೊಳ್ಳಿ.

6. ಉಳಿದದ್ದು

ಸರ್ವರ್ ಕಂಪ್ಯೂಟರಿಗೆ ಯುಪಿಎಸ್ ಬೇಕು. ಫ್ಯಾನು ಲೈಟಿನ ಇನ್ವರ್ಟರ್ ನೆಚ್ಚಬೇಡಿ, ಅದು ಬದಲಾಗುವಷ್ಟರಲ್ಲಿ ಕಂಪ್ಯೂಟರ್ ರೀಸ್ಟಾರ್ಟ್ ಆಗಬಹುದು. ವೇಗ ಬರುತ್ತದೆ ಅಂತ ಎಫ್‌ಸಿಂಕ್ (ಬರೆದದ್ದು ಡಿಸ್ಕಿಗೆ ನಿಜಕ್ಕೂ ಸೇರುವಂತೆ ನೋಡುವ ಸೆಟ್ಟಿಂಗ್) ಆಫ್ ಮಾಡುವ ಸಲಹೆ ಸಿಕ್ಕರೆ ಕೇಳಬೇಡಿ. ಅಡ್ಮಿನ್ ಪಾಸ್‌ವರ್ಡ್ ಒಂದು ಲಕೋಟೆಯಲ್ಲಿ ಬರೆದು ಮಾಲೀಕರ ಬೀರುವಿನಲ್ಲಿ ಇಡಿಸಿ, ಬರೆದುಕೊಟ್ಟ ಹುಡುಗ ಬೇರೆ ಕೆಲಸಕ್ಕೆ ಹೋದರೆ ಬೇಕಾಗುತ್ತದೆ. ಆ ಪಾಸ್‌ವರ್ಡ್ "ಅಡ್ಮಿನ್123" ಆಗಿದ್ದರೆ ಬದಲಾಯಿಸಿ, ಆಮೇಲೆ ಲಕೋಟೆಗೆ ಅಂಟು ಹಚ್ಚಿ.